ರೆಸಿಸ್ಟರ್ ಸಿಕ್ಕಿಸಿದರೆ ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಸರಿಯಾಗುತ್ತದೆಯೇ?

“ಹಳೇ ಸ್ಪೋರ್ಟ್ಸ್ ಕಾರಿನ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಕೆಟ್ಟಿದೆಯಾ? ಶೋರೂಮಿನವರು ಲಕ್ಷಗಟ್ಟಲೆ ಕೇಳ್ತಾರೆ. ಕನೆಕ್ಟರ್ ಬಿಚ್ಚಿ, ಹತ್ತು ರೂಪಾಯಿಯ ರೆಸಿಸ್ಟರ್ ಸಿಕ್ಕಿಸಿ. ಲೈಟ್ ಆಫ್, ಕಾರ್ ಓಕೆ! ಮೆಕ್ಯಾನಿಕ್‌ಗಳು ಮುಚ್ಚಿಡುವ ಈ ಸತ್ಯವನ್ನು ಎಲ್ಲರಿಗೂ ತಲುಪಿಸಿ.”

ಈ ಸಂದೇಶ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದದ್ದು ಮೈಸೂರಿನ ಚಿಕ್ಕಪ್ಪನಿಂದ. ಚಿಕ್ಕಪ್ಪನ ಬಳಿ ಇರುವುದು 15 ವರ್ಷ ಹಳೆಯ ಮಾರುತಿ. ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಇರುವ ಕಾರನ್ನು ಅವರು ಮುಟ್ಟಿ ನೋಡಿರಲಿಕ್ಕೂ ಇಲ್ಲ. ಫಾರ್ವರ್ಡ್ ಮಾಡಲು ಅದೆಲ್ಲ ಬೇಕಿಲ್ಲವಲ್ಲ. ಸಾಮಾನ್ಯವಾಗಿ ಇಂಥ ಮೆಸೇಜಿಗೆ ಎರಡು ಕೈಮುಗಿಯುವ ಎಮೋಜಿ ಬಿದ್ದು ಮಾತು ಅಲ್ಲಿಗೇ ಮುಗಿಯುತ್ತದೆ. ಈ ಸಲ ಮಾತ್ರ ಅಮೆರಿಕದ ಓಹಿಯೋದಲ್ಲಿರುವ ನಮ್ಮ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎಂದು ಕರೆಯುವವನು, ಒಂದು ಫೋಟೋ ಹಾಕಿದ. ಕಾರಿನ ಅಡಿಭಾಗ, ಕಪ್ಪು ಟೇಪ್ ಸುತ್ತಿದ ವೈರು, ಟೇಪಿನೊಳಗಿಂದ ಇಣುಕುವ ಒಂದು ಬಿಳಿ ರೆಸಿಸ್ಟರ್. ಕೆಳಗೆ ಒಂದು ಸಾಲು: “ಚಿಕ್ಕಪ್ಪಾ, ಯಾರೋ ಪುಣ್ಯಾತ್ಮ ನನ್ನ ಕಾರಿಗೆ ಇದನ್ನೇ ಮಾಡಿಟ್ಟಿದ್ದಾನೆ ನೋಡಿ.”

ಅಣ್ಣ ಕೊಂಡಿದ್ದು 2003ರ ಷೆವ್ರೊಲೆ ಕಾರ್ವೆಟ್, ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದೂ ಎಚ್ಚರಿಕೆಯ ಸೂಚನೆ ಇರಲಿಲ್ಲ. ಆದರೆ ಹೆದ್ದಾರಿಯಲ್ಲಿ ಕಾರು ದೋಣಿಯಂತೆ ತೇಲುತ್ತಿತ್ತು. ಹಳೆಯ ಕಾರು, ಹೀಗೇ ಇರಬಹುದು ಎಂದುಕೊಂಡ. ಒಂದು ಮಳೆಯ ಸಂಜೆ, ತಿರುವಿನಲ್ಲಿದ್ದ ಸೇತುವೆಯ ಜಾಯಿಂಟ್ ದಾಟುವಾಗ ಹಿಂಬದಿ ಪಕ್ಕಕ್ಕೆ ಜಾರಿತು. ಹೇಗೋ ಹಿಡಿತಕ್ಕೆ ತಂದ. ಊರಿನಿಂದ ಹೋಗಿದ್ದ ದೊಡ್ಡಪ್ಪ ಪಕ್ಕದ ಸೀಟಿನಲ್ಲಿದ್ದರು. ಜಾರಿದ್ದರಲ್ಲಿ ಮಳೆಯ ಪಾಲೆಷ್ಟು, ಟೈರಿನ ಪಾಲೆಷ್ಟು, ಸಸ್ಪೆನ್ಷನ್ನಿನ ಪಾಲೆಷ್ಟು ಎಂದು ಯಾರೂ ಅಳೆದು ಹೇಳಲಾರರು. ಆದರೆ ಮಾರನೆಯ ವಾರ ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ಕಂಡದ್ದು ಆ ಫೋಟೋ. ಒಂದಲ್ಲ, ನಾಲ್ಕೂ ಚಕ್ರದ ಬಳಿ.

ಹಾಗಾದರೆ ಫಾರ್ವರ್ಡ್ ಸುಳ್ಳೇ? ಲೈಟ್ ಆರುತ್ತದೆ ಎನ್ನುವುದು ಬಹುಮಟ್ಟಿಗೆ ನಿಜ. ಕಾರು ಓಕೆ ಆಗುತ್ತದೆ ಎನ್ನುವುದು ಸುಳ್ಳು. ಮತ್ತೆ, ಎಲೆಕ್ಟ್ರಾನಿಕ್ ಡ್ಯಾಂಪರ್ ತೆಗೆದು ಸಾಮಾನ್ಯ ಡ್ಯಾಂಪರ್ ಹಾಕುವುದೇ ತಪ್ಪು ಎಂದು ಹೇಳುವವರದೂ ಸರಿಯಲ್ಲ. ಈ ಮೂರನ್ನೂ ಬಿಡಿಸಿ ನೋಡೋಣ.

ಭಾರ ಹೊರುವುದು ಸ್ಪ್ರಿಂಗ್, ಸುಮ್ಮನಾಗಿಸುವುದು ಡ್ಯಾಂಪರ್

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ನಮ್ಮ ಗ್ಯಾರೇಜುಗಳಲ್ಲಿ ಅದು ‘ಶಾಕಪ್’. ಗುಂಡಿಯ ಹೊಡೆತ ತಿನ್ನುವುದೂ ಕಾರಿನ ಭಾರ ಹೊರುವುದೂ ಅದೇ ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ಸ್ಪ್ರಿಂಗಿನ ಕೆಲಸ. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ವಾಪಸ್ ಕೊಡುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೆ ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ ಆಟವನ್ನು ನಿಲ್ಲಿಸುವುದು ಡ್ಯಾಂಪರ್. ಅದರ ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ದಾರಿಗಳು. ಎಣ್ಣೆ ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಚಲನೆಯ ಶಕ್ತಿ ಶಾಖವಾಗಿ ಹೋಗುತ್ತದೆ.

ಎಟಿಎಂ ಅಥವಾ ಬ್ಯಾಂಕಿನ ಗಾಜಿನ ಬಾಗಿಲನ್ನು ನೆನಪಿಸಿಕೊಳ್ಳಿ. ಮೇಲೊಂದು ಪೆಟ್ಟಿಗೆ ಇರುತ್ತದಲ್ಲ, ಡೋರ್ ಕ್ಲೋಸರ್? ಅದರೊಳಗಿನ ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ, ಎಣ್ಣೆ ಅದನ್ನು ನಿಧಾನಕ್ಕೆ ಮುಚ್ಚುವಂತೆ ಮಾಡುತ್ತದೆ. ಎಣ್ಣೆ ಸೋರಿಹೋದ ದಿನ ಬಾಗಿಲು ದಢಾರ್ ಎಂದು ಬಡಿಯುತ್ತದೆ. ಡ್ಯಾಂಪರ್ ಸತ್ತ ಕಾರಿನ ಕಥೆಯೂ ಇದೇ. ಕಾರು ನಿಂತಲ್ಲಿ ನೆಟ್ಟಗೇ ನಿಂತಿರುತ್ತದೆ, ಏಕೆಂದರೆ ಭಾರ ಹೊರುವ ಸ್ಪ್ರಿಂಗ್ ಚೆನ್ನಾಗಿಯೇ ಇದೆ. ತೊಂದರೆ ಗೊತ್ತಾಗುವುದು ಓಡುವಾಗ.

ಇಲ್ಲಿ ಎರಡು ಬಗೆಯ ಕುಣಿತವಿದೆ. ಕಾರಿನ ಮೈ ಸೆಕೆಂಡಿಗೆ ಒಂದೆರಡು ಸಲ ನಿಧಾನವಾಗಿ ತೂಗುತ್ತದೆ. ಇದು ನಮಗೆ ಗೊತ್ತಾಗುವ ‘ತೇಲಾಟ’. ಚಕ್ರ ಮಾತ್ರ ಸೆಕೆಂಡಿಗೆ ಸುಮಾರು 10ರಿಂದ 15 ಸಲ ನಡುಗಬಲ್ಲದು. ಇದು ಸೀಟಿನಲ್ಲಿ ಕೂತವರಿಗೆ ಅಷ್ಟಾಗಿ ತಿಳಿಯದು, ಆದರೆ ಅಪಾಯ ಇರುವುದು ಇದರಲ್ಲೇ. ಚಕ್ರ ಹಾಗೆ ಕುಣಿಯುವಾಗ ಟೈರು ರಸ್ತೆಯನ್ನು ಒತ್ತುವ ಬಲ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ. ಒತ್ತುವ ಬಲ ಇಲ್ಲದ ಗಳಿಗೆಯಲ್ಲಿ ಬ್ರೇಕ್ ಹಾಕಿದರೂ ಸ್ಟೀರಿಂಗ್ ತಿರುಗಿಸಿದರೂ ಟೈರಿಗೆ ಹಿಡಿತ ಸಿಗುವುದಿಲ್ಲ. ‘ಶಾಕ್ ಅಬ್ಸಾರ್ಬರ್ ಬರೀ ಕಂಫರ್ಟ್‌ಗೆ’ ಎನ್ನುವ ಮಾತು ಹುಸಿಯಾಗುವುದು ಇಲ್ಲಿ.

ಮ್ಯಾಗ್ನೆಟ್ ಕಂಡರೆ ಗಟ್ಟಿಯಾಗುವ ಎಣ್ಣೆ

ಮೆತ್ತಗಿನ ಡ್ಯಾಂಪರ್ ಹಾಕಿದರೆ ಪ್ರಯಾಣ ಹಿತ, ತಿರುವಿನಲ್ಲಿ ಕಾರು ವಾಲುತ್ತದೆ. ಗಟ್ಟಿ ಡ್ಯಾಂಪರ್ ಹಾಕಿದರೆ ತಿರುವು ಚೆನ್ನ, ಸಣ್ಣ ಉಬ್ಬಿಗೂ ಸೊಂಟ ನೋವು. ಎರಡೂ ಬೇಕು ಎನ್ನುವವರಿಗಾಗಿ ಬಂದದ್ದು ಅಡಾಪ್ಟಿವ್ ಡ್ಯಾಂಪರ್, ಅಂದರೆ ಓಡುತ್ತಿರುವಾಗಲೇ ತನ್ನ ಗಡಸುತನ ಬದಲಿಸಿಕೊಳ್ಳುವ ಡ್ಯಾಂಪರ್. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಎಣ್ಣೆ ಮಾಮೂಲಿಯದೇ, ಅದು ಹರಿಯುವ ದಾರಿಯನ್ನು ವಿದ್ಯುತ್ ಕವಾಟ ಕಿರಿದು, ಹಿರಿದು ಮಾಡುತ್ತದೆ. ಇನ್ನೊಂದರಲ್ಲಿ ದಾರಿ ಹಾಗೇ ಇರುತ್ತದೆ, ಎಣ್ಣೆಯೇ ಬದಲಾಗುತ್ತದೆ.

ಅಣ್ಣನ ಕಾರಿನಲ್ಲಿದ್ದದ್ದು ಎರಡನೆಯದು. ಆ ಎಣ್ಣೆಯಲ್ಲಿ ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಕಣಗಳು ಬೆರೆತಿರುತ್ತವೆ. ಪಿಸ್ಟನ್ನಿನಲ್ಲಿರುವ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟ್ ಹರಿಸಿದರೆ ಅದು ಮ್ಯಾಗ್ನೆಟ್ ಆಗುತ್ತದೆ. ತಕ್ಷಣ ಕಬ್ಬಿಣದ ಕಣಗಳು ಒಂದಕ್ಕೊಂದು ಅಂಟಿ ಸರಪಳಿಯಂತೆ ಸಾಲುಗಟ್ಟುತ್ತವೆ, ಎಣ್ಣೆಗೆ ನುಗ್ಗಲು ಕಷ್ಟವಾಗುತ್ತದೆ. ಸಿರಿಂಜಿನಲ್ಲಿ ನೀರು ತಳ್ಳುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಬೆಣ್ಣೆಯಾದರೆ ಹೇಗೋ ಹಾಗೆ. ಕರೆಂಟ್ ನಿಂತರೆ ಸರಪಳಿ ಕಳಚಿ ಮತ್ತೆ ಎಣ್ಣೆ. ಇದೆಲ್ಲ ನಡೆಯುವುದು ಕೆಲವು ಮಿಲಿಸೆಕೆಂಡುಗಳಲ್ಲಿ.

ಈ ದ್ರವ ಹೊಸದೇನಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಬ್ಯೂರೋದಲ್ಲಿದ್ದ ಜೇಕಬ್ ರಾಬಿನೋ 1940ರ ದಶಕದ ಕೊನೆಯಲ್ಲೇ ಇದನ್ನು ಬಳಸಿ ಕ್ಲಚ್ ಮಾಡಿದ್ದರು. ಆದರೆ ಕಬ್ಬಿಣದ ಪುಡಿ ತಳ ಹಿಡಿಯುವುದು, ಒಳಭಾಗಗಳನ್ನು ಸವೆಸುವುದು ಇವನ್ನೆಲ್ಲ ಗೆದ್ದು ಕಾರಿನೊಳಗೆ ಕೂರಿಸಲು ಅರ್ಧ ಶತಮಾನ ಹಿಡಿಯಿತು. ಡೆಲ್ಫಿ ಕಂಪನಿ ಮ್ಯಾಗ್ನರೈಡ್ ಎಂಬ ಹೆಸರಿನಲ್ಲಿ ರೂಪಿಸಿದ ಈ ವ್ಯವಸ್ಥೆ 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಕಾರಿನಲ್ಲಿ ಮೊದಲು ಬಂತು. ಮರುವರ್ಷ, ಅಂದರೆ ಕಾರ್ವೆಟ್‌ಗೆ 50 ತುಂಬಿದ 2003ರ ಮಾದರಿಯಲ್ಲಿ, ಎಫ್55 ಎಂಬ ಸಂಕೇತದ ಆಯ್ಕೆಯಾಗಿ ಅದೂ ಪಡೆಯಿತು. ಮುಂದೆ ಫೆರಾರಿ 599, ಆಡಿ ಟಿಟಿ, ಆಡಿ ಆರ್8 ಕಾರುಗಳಿಗೂ ಇದೇ ತಂತ್ರ ಹೋಯಿತು. ಸೆಕೆಂಡಿಗೆ 1000 ಸಲ ಹೊಂದಿಸಿಕೊಳ್ಳಬಲ್ಲದು ಎನ್ನುವುದು ಕಂಪನಿಯ ಮಾತು. ಗಂಟೆಗೆ 60 ಮೈಲಿ ವೇಗದಲ್ಲಿ ಲೆಕ್ಕ ಹಾಕಿದರೆ, ರಸ್ತೆಯ ಪ್ರತಿ ಎರಡೂಮುಕ್ಕಾಲು ಸೆಂಟಿಮೀಟರಿಗೆ ಒಂದು ಸಲ.

ಮೇಲಿನದರಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಕರೆಂಟ್ ಇಲ್ಲದಿದ್ದರೆ ಈ ಡ್ಯಾಂಪರ್ ಮೆತ್ತಗಾಗುತ್ತದೆ.

ರೆಸಿಸ್ಟರ್ ಎಂಬ ಪ್ರಾಕ್ಸಿ ಹಾಜರಿ

ಸಸ್ಪೆನ್ಷನ್ ಕಂಪ್ಯೂಟರ್ ಆಗಾಗ ನಾಲ್ಕೂ ಡ್ಯಾಂಪರ್‌ಗಳ ಹಾಜರಿ ತೆಗೆದುಕೊಳ್ಳುತ್ತಿರುತ್ತದೆ. ಕರೆಂಟ್ ಕಳಿಸಿದೆ, ಸರಿಯಾಗಿ ಹರಿಯಿತೇ? ತಂತಿ ತುಂಡಾಗಿದ್ದರೆ ಹರಿಯುವುದಿಲ್ಲ, ಶಾರ್ಟ್ ಆಗಿದ್ದರೆ ವಿಪರೀತ ಹರಿಯುತ್ತದೆ. ಎರಡೂ ಸಂದರ್ಭದಲ್ಲಿ ಎಚ್ಚರಿಕೆ ಬರುತ್ತದೆ. ಡ್ಯಾಂಪರಿನ ಕಾಯಿಲ್ ಇರಬೇಕಾದ ಜಾಗದಲ್ಲಿ ಅಷ್ಟೇ ಓಮ್‌ನ ರೆಸಿಸ್ಟರ್ ಇಟ್ಟರೆ ಕರೆಂಟ್ ಸರಿಯಾಗಿಯೇ ಹರಿಯುತ್ತದೆ. ಕಂಪ್ಯೂಟರ್ ‘ಹಾಜರ್’ ಎಂದು ಬರೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಬಂಕ್ ಹೊಡೆದ ಗೆಳೆಯನ ಪರವಾಗಿ ‘ಎಸ್ ಸರ್’ ಅಂದಂತೆ. ಹಾಜರಿ ಬಿತ್ತು, ಪಾಠ ಕಲಿತವರು ಯಾರೂ ಇಲ್ಲ.

ಅಣ್ಣನ ಕಾರಿನಲ್ಲಿ ಆಗಿದ್ದು ಇದೇ. ಹಳೆಯ ಮಾಲೀಕ ಡ್ಯಾಂಪರ್ ಬದಲಿಸಿರಲಿಲ್ಲ. ಹಳೆಯ ಮ್ಯಾಗ್ನೆಟಿಕ್ ಡ್ಯಾಂಪರ್‌ಗಳು ಹಾಗೇ ಇದ್ದವು, ಅವುಗಳ ವೈರು ಮಾತ್ರ ಬಿಚ್ಚಿ ರೆಸಿಸ್ಟರಿಗೆ ಕೊಟ್ಟಿದ್ದ. ಕಾಯಿಲ್‌ಗೆ ಕರೆಂಟ್ ಇಲ್ಲ, ಎಣ್ಣೆ ಗಟ್ಟಿಯಾಗುವ ಮಾತೇ ಇಲ್ಲ. ಕಂಪ್ಯೂಟರ್ ತಿರುವು ಬಂತೆಂದು ಹೆಚ್ಚು ಕರೆಂಟ್ ಕಳಿಸಿದಾಗಲೆಲ್ಲ ಬಿಸಿಯಾಗುತ್ತಿದ್ದದ್ದು ರೆಸಿಸ್ಟರ್ ಮಾತ್ರ. ಹೀಗೆ ಕಾರು ವರ್ಷಗಟ್ಟಲೆ ತನ್ನ ಅತಿ ಮೆತ್ತಗಿನ ಸ್ಥಿತಿಯಲ್ಲೇ ಓಡಿರಬಹುದು, ಒಂದು ಎಚ್ಚರಿಕೆಯೂ ಇಲ್ಲದೆ. ಮ್ಯಾಗ್ನೆಟಿಕ್ ಬಗೆಯಲ್ಲಿ ಹೀಗೆ. ಕವಾಟದ ಬಗೆಯ ಡ್ಯಾಂಪರಿನಲ್ಲಿ ಕರೆಂಟ್ ಹೋದರೆ ಮೆತ್ತಗಾಗುತ್ತದೋ ಗಟ್ಟಿಯಾಗುತ್ತದೋ ಎಂಬುದು ಅದನ್ನು ಮಾಡಿದವರ ವಿನ್ಯಾಸಕ್ಕೆ ಬಿಟ್ಟದ್ದು. ಆದ್ದರಿಂದ ಒಂದು ಕಾರಿನ ವಿಡಿಯೊ ನೋಡಿ ಇನ್ನೊಂದಕ್ಕೆ ಕೈ ಹಾಕಬಾರದು.

‘ಹತ್ತು ರೂಪಾಯಿ’ಯ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಉದಾಹರಣೆಗೆ 2 ಓಮ್‌ನ ರೆಸಿಸ್ಟರ್, ಅದರಲ್ಲಿ 3 ಆಂಪಿಯರ್ ಕರೆಂಟ್ ಎಂದಿಟ್ಟುಕೊಳ್ಳಿ. ಪಿಯುಸಿ ಸೂತ್ರವೇ ಸಾಕು: ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್, 9 ಗುಣಿಸು 2, ಒಟ್ಟು 18 ವ್ಯಾಟ್ ಶಾಖ. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನ್ಯ ರೆಸಿಸ್ಟರ್ ತಡೆಯುವುದು ಕಾಲು ವ್ಯಾಟ್, ಅಂದರೆ 72ರಲ್ಲಿ ಒಂದು ಪಾಲು. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಸಾಧಾರಣವಾಗಿ 25 ವ್ಯಾಟಿನದು. ಹೆಚ್ಚುಕಡಿಮೆ ಅಂಥದ್ದೊಂದನ್ನು ಟೇಪ್ ಸುತ್ತಿ ಪ್ಲಾಸ್ಟಿಕ್ ಮತ್ತು ರಬ್ಬರಿನ ಪಕ್ಕ ಕಟ್ಟಿಟ್ಟಂತೆ. ಅಣ್ಣನ ಕಾರಿನ ಒಂದು ಟೇಪು ಸುಟ್ಟು ಕರಕಲಾಗಿತ್ತು.

ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು ಇದು: ಹೆಸರುವಾಸಿ ಡ್ಯಾಂಪರ್ ತಯಾರಕರೇ ‘ಕ್ಯಾನ್ಸಲೇಷನ್ ಕಿಟ್’ ಎಂಬ ಪುಟ್ಟ ಪೆಟ್ಟಿಗೆಗಳನ್ನು ಮಾರುತ್ತಾರೆ. ಎಲೆಕ್ಟ್ರಾನಿಕ್ ಡ್ಯಾಂಪರ್ ತೆಗೆದು, ಆ ಕಾರಿಗೆಂದೇ ಮಾಡಿದ ಸಾಮಾನ್ಯ ಡ್ಯಾಂಪರ್ ಹಾಕಿದ ಮೇಲೆ ಕಂಪ್ಯೂಟರ್ ಸುಮ್ಮನೆ ಗೊಣಗದಿರಲಿ ಎಂದು ಅದನ್ನು ಹಾಕುವುದು. ಶಾಖ ತಡೆಯುವ ಸಾಮರ್ಥ್ಯ, ನೀರು ಹೋಗದ ಕವಚ ಎಲ್ಲ ಅದರಲ್ಲಿರುತ್ತದೆ. ಫಾರ್ವರ್ಡ್ ಬರೆದವರು ಎರಡನೆಯ ಹೆಜ್ಜೆಯನ್ನು ಉಳಿಸಿಕೊಂಡು ಮೊದಲನೆಯದನ್ನು ಬಿಟ್ಟಿದ್ದಾರೆ.

ಕೆಟ್ಟಿರುವುದು ಡ್ಯಾಂಪರೇ ಎಂದು ಯಾರು ಹೇಳಿದ್ದು?

ಆ ಕಾಲದ ಕಾರ್ವೆಟ್‌ನಲ್ಲಿ ದೋಷ ಬಂದರೆ ‘ಸರ್ವಿಸ್ ರೈಡ್ ಕಂಟ್ರೋಲ್’, ‘ಶಾಕ್ಸ್ ಇನಾಪರೇಟಿವ್’ ಎಂಬ ಸಂದೇಶ, ಕೆಲವೊಮ್ಮೆ ಗರಿಷ್ಠ ವೇಗ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿ.ಮೀ. ಎಂಬ ಸೂಚನೆ ಕಾಣುತ್ತದೆ. ಶಾಕ್ಸ್ ಎಂಬ ಪದ ಓದಿದ ತಕ್ಷಣ ನಾಲ್ಕು ಶಾಕ್ ಅಬ್ಸಾರ್ಬರ್ ಬೆಲೆ ವಿಚಾರಿಸಲು ಓಡುವವರೇ ಹೆಚ್ಚು. ಅದೇ ಭಯ ಇಂಥ ಫಾರ್ವರ್ಡ್‌ಗಳಿಗೆ ಮೇವು. ಆದರೆ ಆ ಸಂದೇಶದ ಅರ್ಥ ವ್ಯವಸ್ಥೆಯಲ್ಲಿ ಎಲ್ಲೋ ತೊಡಕಿದೆ ಎಂದಷ್ಟೇ.

ಪ್ರತಿ ಚಕ್ರದ ಬಳಿ ಒಂದು ಪೊಸಿಷನ್ ಸೆನ್ಸರ್ ಇದೆ. ಚಕ್ರ ಮೈಯಿಂದ ಎಷ್ಟು ದೂರ ಇಳಿದಿದೆ, ಏರಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದು. ಅದರ ಪುಟ್ಟ ಕಡ್ಡಿ ಮುರಿಯುತ್ತದೆ, ಒಳಭಾಗ ಸವೆಯುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕನೆಕ್ಟರುಗಳಿಗೆ ಹೊಕ್ಕು ಹಸಿರು ತುಕ್ಕು ಹಿಡಿಸುತ್ತದೆ. ಇಪ್ಪತ್ತು ವರ್ಷ ಹಳೆಯ ಕಾರಿನಲ್ಲಿ ಇವೆಲ್ಲ ಸಹಜ, ಮತ್ತು ಇವುಗಳ ರಿಪೇರಿ ಡ್ಯಾಂಪರ್ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ. ಹಾಗಾಗಿ ಮೊದಲ ಕೆಲಸ ದೋಷದ ಸಂಕೇತ ಓದುವುದು. ಸಿ5 ಎಂದು ಕರೆಯುವ ಈ ತಲೆಮಾರಿನ ಕಾರ್ವೆಟ್‌ನಲ್ಲಿ ಸ್ಕ್ಯಾನರ್ ಕೂಡ ಬೇಡ, ಡ್ಯಾಶ್‌ಬೋರ್ಡಿನ ಬಟನ್‌ಗಳನ್ನೇ ಒತ್ತಿ ಓದಬಹುದು. ಇಂದಿನ ಕಾರುಗಳಲ್ಲೂ ಈ ಸೌಲಭ್ಯ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆಮೇಲೆ ಕಣ್ಣಿಂದ ನೋಡುವುದು. ಡ್ಯಾಂಪರಿನ ಮೇಲ್ಭಾಗದಲ್ಲಿ ತೆಳುವಾಗಿ ಎಣ್ಣೆ ಬೆವರಿದಂತಿದ್ದರೆ ಅದು ಕೆಟ್ಟಿದೆ ಎಂದಲ್ಲ. ರಾಡ್ ಒಳಗೆ ಹೊರಗೆ ಆಡುವಾಗ ಅಷ್ಟು ಎಣ್ಣೆ ಅಂಟಿಕೊಂಡು ಬರುವುದು ಮಾಮೂಲು. ಮೈಯೆಲ್ಲ ತೊಯ್ದು ಕೆಳಗಿನ ತನಕ ಹರಿದಿದ್ದರೆ ಅದು ಸೋರಿಕೆ. ಮ್ಯಾಗ್ನೆಟಿಕ್ ಡ್ಯಾಂಪರಿನದಾದರೆ ಸೋರಿದ್ದು ಕಪ್ಪುಬೂದು ಬಣ್ಣದ ಕೆಸರಿನಂತಿರುತ್ತದೆ. ‘ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದರೆ ಡ್ಯಾಂಪರ್ ಹೋಗಿದೆ’ ಎನ್ನುವ ಮನೆಮದ್ದೂ ಇದೆ. ಆ ದ್ರವ ಮ್ಯಾಗ್ನೆಟ್‌ಗೆ ಅಂಟುವುದು ನಿಜವೇ. ಆದರೆ ಬ್ರೇಕಿನಿಂದ ಉದುರುವ ಧೂಳಿನಲ್ಲೂ ಕಬ್ಬಿಣವಿದೆ, ಅದೂ ಅಂಟುತ್ತದೆ. ಒರೆಸಿ ಸ್ವಚ್ಛ ಮಾಡಿ, ಕೆಲವು ದಿನ ಓಡಿಸಿ, ಮತ್ತೆ ನೋಡುವುದೇ ಒಳ್ಳೆಯ ಪರೀಕ್ಷೆ.

ಇನ್ನು ನಮ್ಮಲ್ಲಿ ಹಳೆ ಕಾರು ನೋಡಲು ಹೋದವರೆಲ್ಲ ಮಾಡುವ ಕೆಲಸ ಒಂದಿದೆ. ಬಾನೆಟ್ ಮೂಲೆಯನ್ನು ಕೈಯಿಂದ ಒತ್ತಿ ಬಿಡುವುದು. ಎರಡು ಮೂರು ಸಲ ಕುಣಿದರೆ ಶಾಕಪ್ ಹೋಗಿದೆ, ಒಂದೇ ಸಲಕ್ಕೆ ನಿಂತರೆ ಚೆನ್ನಾಗಿದೆ. ಪೂರ್ತಿ ಸತ್ತ ಮಾಮೂಲಿ ಡ್ಯಾಂಪರನ್ನು ಇದು ತೋರಿಸೀತು, ಅರ್ಧ ಸವೆದದ್ದನ್ನು ತೋರಿಸುವುದಿಲ್ಲ. ಮ್ಯಾಗ್ನೆಟಿಕ್ ಡ್ಯಾಂಪರಿನಲ್ಲಂತೂ ಇಗ್ನಿಷನ್ ಆಫ್ ಇದ್ದಾಗ ಕರೆಂಟೇ ಇರುವುದಿಲ್ಲ. ಒಳ್ಳೆಯದೂ ಆಗ ಮೆತ್ತಗೇ ಇರುತ್ತದೆ.

ಒಂದು ಮಾತು ಟೈರಿನ ಬಗ್ಗೆ. ಸಿ5 ಕಾರ್ವೆಟ್‌ಗೆ ಸ್ಟೆಪ್ನಿ ಇಲ್ಲ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರುಗಳು ಅದರ ಬಹುಪಾಲು ಕಾರುಗಳಿಗೆ ಬರುತ್ತಿದ್ದವು. ಅವುಗಳ ಪಕ್ಕದ ಗೋಡೆಯೇ ಗಟ್ಟಿ. ಟೈರು ಹಳೆಯದಾದಷ್ಟೂ ರಬ್ಬರ್ ಇನ್ನೂ ಬಿರುಸಾಗುತ್ತದೆ. ‘ಕಾರು ಕುಲುಕುತ್ತದೆ, ಡ್ಯಾಂಪರ್ ಬದಲಿಸಬೇಕು’ ಎನ್ನುವವರು ಮೊದಲು ಟೈರಿನ ಗಾಳಿಯನ್ನೂ ಅದರ ಮೇಲೆ ಅಚ್ಚಾದ ತಯಾರಿಕೆಯ ವಾರ, ವರ್ಷವನ್ನೂ ನೋಡಬೇಕು.

ಬದಲಿಸಲೇಬೇಕಾದರೆ

ಡ್ಯಾಂಪರೇ ಹೋಗಿದೆ ಎಂದು ಖಚಿತವಾದರೆ ದಾರಿ ಮೂರು. ಅದೇ ಬಗೆಯ ಹೊಸ ಮ್ಯಾಗ್ನೆಟಿಕ್ ಡ್ಯಾಂಪರ್ ಹಾಕುವುದು ಒಂದು. ಕಾರು ಕಾರ್ಖಾನೆಯಿಂದ ಬಂದಂತೆಯೇ ಆಗುತ್ತದೆ, ಆದರೆ ಒಂದೊಂದಕ್ಕೆ ನೂರಾರು ಡಾಲರ್. ಹಳೆಯ ಕಾರಿನ ಬೆಲೆಯ ಮುಂದೆ ಮೂಗಿಗಿಂತ ಮೂಗುತಿ ಭಾರ ಎನ್ನಿಸಬಹುದು. ಎರಡನೆಯದು ಹಳೆಯದನ್ನೇ ಬಿಚ್ಚಿ ದ್ರವ, ಸೀಲು ಬದಲಿಸುವುದು. ಕವಾಟದ ಬಗೆಗೆ ಇದು ಒಗ್ಗಬಹುದು. ಮ್ಯಾಗ್ನೆಟಿಕ್ ಬಗೆಗೆ ಅದೇ ಗುಣದ ದ್ರವ ಬೇಕು, ಬರೀ ಎಣ್ಣೆ ತುಂಬಿದರೆ ಕಾಯಿಲ್‌ಗೆ ಹಿಡಿಯಲು ಕಬ್ಬಿಣವೇ ಇರುವುದಿಲ್ಲ.

ಮೂರನೆಯದು ಸಾಮಾನ್ಯ ಡ್ಯಾಂಪರ್. ಇದನ್ನು ಕೇಳಿದರೆ ಕೆಲವು ಕಾರುಪ್ರೇಮಿಗಳು ಮುಖ ಸಿಂಡರಿಸುತ್ತಾರೆ, ಕಾರಿನ ‘ಆತ್ಮವೇ’ ಹೋಯಿತು ಎನ್ನುತ್ತಾರೆ. ನನಗೆ ಹಾಗೇನೂ ಅನ್ನಿಸುವುದಿಲ್ಲ. 2003ರಲ್ಲಿ ಇದೇ ಕಾರ್ವೆಟ್ ಸಾಮಾನ್ಯ ಡ್ಯಾಂಪರಿನೊಂದಿಗೂ ಕಾರ್ಖಾನೆಯಿಂದ ಹೊರಬರುತ್ತಿತ್ತು. ಅದರ ಅತಿ ಚುರುಕಿನ ಮಾದರಿಯಾದ ಝಡ್06ರಲ್ಲಿ ಇದ್ದದ್ದೂ ಸಾಮಾನ್ಯ ಡ್ಯಾಂಪರೇ. ಆದರೆ ಡ್ಯಾಂಪರ್ ಮತ್ತು ಸ್ಪ್ರಿಂಗಿನ ಜೋಡಿ ಹೊಂದಬೇಕು. ‘ಗಟ್ಟಿ ಇದ್ದಷ್ಟೂ ಸೇಫ್’ ಎಂದು ರೇಸಿಂಗ್ ಡ್ಯಾಂಪರ್ ತಂದು ಮೆತ್ತಗಿನ ಸ್ಪ್ರಿಂಗಿಗೆ ಹಾಕಿದರೆ, ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ಕೆಳಗಿಳಿಯುವುದೇ ತಡವಾಗುತ್ತದೆ, ಟೈರು ನೆಲ ಬಿಡುತ್ತದೆ. ಅತಿ ಮೆತ್ತಗೆ, ಅತಿ ಗಟ್ಟಿ, ಎರಡರಿಂದಲೂ ಆಗುವ ನಷ್ಟ ಒಂದೇ.

ಯಾವ ದಾರಿಯಾದರೂ ಒಂದು ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಎಡಕ್ಕೆ ಹೊಸದು, ಬಲಕ್ಕೆ 20 ವರ್ಷ ಹಳೆಯದು ಇದ್ದರೆ ಕಾರು ಎಡ ತಿರುವಿನಲ್ಲಿ ಒಂದು ಬಗೆ, ಬಲ ತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುತ್ತದೆ.

ಕೆಲಸದ ಮಟ್ಟಿಗೆ ಕಾರ್ವೆಟ್ ಪುಣ್ಯವಂತ ಕಾರು. ಅದರ ಸ್ಪ್ರಿಂಗ್ ನಾವು ಕಂಡ ಸುರುಳಿಯಲ್ಲ. ಫೈಬರಿನ ಒಂದೊಂದು ಪಟ್ಟಿ ಮುಂದೆಯೂ ಹಿಂದೆಯೂ ಅಡ್ಡಲಾಗಿ ಮಲಗಿರುತ್ತದೆ. ಡ್ಯಾಂಪರ್ ಬೇರೆಯಾಗಿ ನಿಂತಿರುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಕೆಳಗಿನ ಆರ್ಮ್‌ಗೆ ಜಾಕ್ ಆಸರೆ ಕೊಟ್ಟು, ಮೇಲೆ ಕೆಳಗೆ ಬೋಲ್ಟ್ ಬಿಚ್ಚಿದರೆ ಡ್ಯಾಂಪರ್ ಕೈಗೆ ಬರುತ್ತದೆ. ಇದನ್ನು ಯೂಟ್ಯೂಬಿನಲ್ಲಿ ನೋಡಿ ‘ಇಷ್ಟೇನಾ’ ಎಂದು ನಮ್ಮ ಕಾರಿಗೆ ಕೈ ಹಾಕುವವರಿದ್ದಾರೆ. ದಯವಿಟ್ಟು ಬೇಡ. ನಮ್ಮಲ್ಲಿನ ಬಹಳಷ್ಟು ಕಾರುಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಡ್ಯಾಂಪರಿನ ಮೇಲೆಯೇ ಬಿಗಿದು ಕೂತಿರುತ್ತದೆ. ಮೇಲಿನ ನಟ್ಟನ್ನು ಸುಮ್ಮನೆ ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗ್ ಸಿಡಿದು ಜೀವ ತೆಗೆಯಬಲ್ಲದು. ಅದಕ್ಕೆ ಸ್ಪ್ರಿಂಗ್ ಹಿಡಿಯುವ ಸಾಧನ ಬೇಕು, ಅದನ್ನು ಬಳಸಿ ಗೊತ್ತಿರುವ ಕೈ ಬೇಕು. ಅಂಥ ಕಾರುಗಳಲ್ಲಿ ಬದಲಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಕೂಡ ಮಾಡಿಸಬೇಕು.

ಮ್ಯಾಗ್ನೆಟಿಕ್ ಡ್ಯಾಂಪರಿನಲ್ಲಿ ಕಾಯಿಲ್‌ಗೆ ಹೋಗುವ ವೈರು ಟೊಳ್ಳಾದ ರಾಡಿನೊಳಗೇ ಸಾಗುತ್ತದೆ. ನಟ್ ಬಿಗಿಯುವಾಗ ಏರ್ ಗನ್ನಿನಿಂದ ರಾಡನ್ನು ಗಿರಗಿರ ತಿರುಗಿಸುವುದು, ರಾಡಿನ ಹೊಳಪು ಭಾಗವನ್ನು ಪ್ಲೈಯರ್‌ನಲ್ಲಿ ಹಿಡಿಯುವುದು ಎರಡೂ ಬೇಡ. ಒಂದು ಗೀರು ಬಿದ್ದರೂ ಅದು ಪ್ರತಿ ಏರಿಳಿತಕ್ಕೂ ಸೀಲನ್ನು ಗೀಚುತ್ತದೆ, ಹೊಸ ಡ್ಯಾಂಪರ್ ಕೆಲವೇ ತಿಂಗಳಲ್ಲಿ ಬೆವರಲಿಕ್ಕೆ ಶುರು. ತೆಗೆದ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಕುತೂಹಲಕ್ಕೆ ಕೊರೆಯುವುದು, ಕತ್ತರಿಸುವುದೂ ಬೇಡ. ಇಂಥವುಗಳೊಳಗೆ ಹೆಚ್ಚಿನ ಒತ್ತಡದ ಗ್ಯಾಸ್ ತುಂಬಿರುತ್ತದೆ.

ಹಳೆಯದನ್ನು ಕೊಳ್ಳುವವರು ನೋಡಬೇಕಾದ್ದು

ಕಾರ್ವೆಟ್ ನಮ್ಮ ರಸ್ತೆಗಳಲ್ಲಿ ಕಾಣುವುದು ಅಪರೂಪ. ಆದರೆ ಆಡಿ ಟಿಟಿ, ಆರ್8ನಂಥ ಕಾರುಗಳು ಭಾರತದಲ್ಲೂ ಮಾರಾಟವಾದವು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಕೊಳ್ಳುವವರೂ ಕಡಿಮೆ ಇಲ್ಲ. ಎಚ್ಚರಿಕೆಯ ಲೈಟ್ ಉರಿಯುತ್ತಿಲ್ಲ ಎನ್ನುವುದೊಂದೇ ಸಾಕ್ಷಿಯಾಗದು. ಕಾರಿಗೆ ಅಡಾಪ್ಟಿವ್ ಡ್ಯಾಂಪರ್ ಬಂದಿತ್ತೇ ಎಂದು ಅದರ ಆಯ್ಕೆಗಳ ಪಟ್ಟಿಯಲ್ಲಿ ನೋಡಿ. ಬಂದಿದ್ದರೆ, ಟೂರ್ ಮತ್ತು ಸ್ಪೋರ್ಟ್ ಎಂಬ ಗುಂಡಿ ಒತ್ತಿ ಒಂದೇ ರಸ್ತೆಯಲ್ಲಿ ಎರಡು ಸಲ ಓಡಿಸಿ. ಯಾವ ವ್ಯತ್ಯಾಸವೂ ತಿಳಿಯದಿದ್ದರೆ ಲಿಫ್ಟ್ ಮೇಲೆ ಎತ್ತಿಸಿ, ನಾಲ್ಕೂ ಡ್ಯಾಂಪರಿನ ವೈರು ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ. ಸಾಮಾನ್ಯ ಡ್ಯಾಂಪರ್ ಹಾಕಿದ್ದರೆ ತಪ್ಪೇನಿಲ್ಲ, ಯಾವುದನ್ನು, ಯಾವಾಗ ಹಾಕಿದ್ದು ಎಂಬ ಬಿಲ್ ಕೇಳಿ. ಯೂರೋಪಿನ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ಕಿರಣವನ್ನು ಏರಿಳಿಸಲಿಕ್ಕೂ ಚಕ್ರದ ಬಳಿಯ ಎತ್ತರದ ಸೆನ್ಸರನ್ನೇ ಬಳಸುತ್ತಾರೆ. ಡ್ಯಾಂಪರ್ ಬದಲಿಸುವ ಭರದಲ್ಲಿ ಯಾರಾದರೂ ಅದನ್ನೂ ಕಿತ್ತಿದ್ದರೆ ರಾತ್ರಿ ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಅಣ್ಣ ಕೊನೆಗೆ ಮೂರನೆಯ ದಾರಿ ಹಿಡಿದ. ಮೊದಲು ಸಂಕೇತ ಓದಿಸಿದ, ರೆಸಿಸ್ಟರ್ ತೆಗೆದು ಹಳೆಯ ಡ್ಯಾಂಪರ್‌ಗಳಿಗೇ ವೈರು ಕೊಟ್ಟು ನೋಡಿದ. ಎರಡು ಕೆಲಸ ಮಾಡಿದವು, ಎರಡು ಮಾಡಲಿಲ್ಲ. ಈಗ ನಾಲ್ಕೂ ಕಡೆ ಆ ಕಾರಿನ ಸ್ಪ್ರಿಂಗಿಗೆ ಹೊಂದುವ ಸಾಮಾನ್ಯ ಡ್ಯಾಂಪರ್, ಜೊತೆಗೆ ಸರಿಯಾದ ಕ್ಯಾನ್ಸಲೇಷನ್ ಕಿಟ್. ಟೈರುಗಳೂ ಹೊಸವು. ಸುಟ್ಟ ರೆಸಿಸ್ಟರುಗಳನ್ನು ಒಂದು ಕವರಿಗೆ ಹಾಕಿ, ಯಾವ ಡ್ಯಾಂಪರ್ ಯಾವ ದಿನ ಹಾಕಿದ್ದು ಎಂದು ಬರೆದ ಚೀಟಿಯ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಿದ್ದಾನೆ, ಮುಂದೆ ಕೊಳ್ಳುವವರಿಗೆಂದು. ಚಿಕ್ಕಪ್ಪ ಗ್ರೂಪಿನಲ್ಲಿದ್ದ ಮೆಸೇಜ್ ಡಿಲೀಟ್ ಮಾಡಿದರು. ಅಷ್ಟರಲ್ಲಿ ಅದನ್ನು ಇನ್ನೂ ಮೂರು ಗ್ರೂಪಿಗೆ ಕಳಿಸಿಯಾಗಿತ್ತಂತೆ, ಅಲ್ಲೆಲ್ಲ ಈ ಲೇಖನ ಹಾಕುತ್ತೇನೆ ಎಂದಿದ್ದಾರೆ. ದೊಡ್ಡಪ್ಪ ಮಾತ್ರ ಇನ್ನೂ ಆ ಕಾರು ಹತ್ತಿಲ್ಲ.